ಜೆಟ್ಟಿಯ ಮೇಲೆ ನಿಂತ ಕಣ್ಣುಗಳು

ಸಾಗರ ಭಾನುವಾರದ ಪ್ರಬೋಧನೆ
ಶುಭಸಂದೇಶ: ಮಾರ್ಕ 6:45–56



ಜುಲೈ ತಿಂಗಳ ಎರಡನೆಯ ಭಾನುವಾರವನ್ನು ನಮ್ಮ ಧರ್ಮಸಭೆ ಸಾಗರ ಭಾನುವಾರವೆಂದು ಆಚರಿಸುತ್ತದೆ. ಕಡಲಲ್ಲಿ, ಹೊಳೆಯಲ್ಲಿ, ಬಂದರಿನಲ್ಲಿ ದುಡಿಯುವವರಿಗಾಗಿಯೂ ಅವರ ದಾರಿ ಕಾಯುವ ಮನೆಯವರಿಗಾಗಿಯೂ ಅಂದು ವಿಶೇಷವಾಗಿ ಪ್ರಾರ್ಥಿಸುತ್ತೇವೆ. 1920ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಾವಿಕರ ಆತ್ಮಿಕ ಆರೈಕೆಗಾಗಿ ಆರಂಭವಾದ ಕಥೋಲಿಕ ಸೇವೆ ಇಂದು ‘ಸ್ಟೆಲ್ಲಾ ಮಾರಿಸ್’ ಎಂಬ ಹೆಸರಿನಲ್ಲಿ ಲೋಕದ ಅನೇಕ ಬಂದರುಗಳಲ್ಲಿ ನಡೆಯುತ್ತಿದೆ. ಆ ಲತೀನ್ ಮಾತಿನ ಅರ್ಥ ‘ಸಮುದ್ರ ತಾರೆ’. ಮಾತೆ ಮರಿಯಮ್ಮನವರ ಹಳೆಯ ಬಿರುದು ಅದು.

ಗೋವೆಯಲ್ಲಿ ನೆಲೆನಿಂತ ನಮಗೆ ಇದು ದೂರದ ಊರಿನ ಹಬ್ಬವಲ್ಲ. ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯಿಂದ ಬಂದ ನಮ್ಮವರಿಗೆ ಬೋಟಿನ ಕೆಲಸ ಹೊಸದೇನೂ ಅಲ್ಲ. ಘಟ್ಟದ ಮೇಲಿನ ಬೆಳಗಾವಿ, ಧಾರವಾಡ, ಗದಗದ ಕಡೆಯಿಂದ ಬಂದವರು ನೀರಿನ ಕೆಲಸವನ್ನು ಇಲ್ಲಿಗೆ ಬಂದ ಮೇಲೆ ಕಲಿತರು. ಈಗ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಾಲಿಮ್ ಜೆಟ್ಟಿಯಲ್ಲಿ ಟ್ರಾಲರುಗಳು ಒಂದರ ಪಕ್ಕ ಒಂದು ಕಟ್ಟಿ ನಿಂತಿವೆ. ಆದರೆ ಮಾಂಡವಿ ಹೊಳೆಯ ಫೆರಿಗಳಿಗೆ ರಜೆಯಿಲ್ಲ. ರಾಯಬಂದರಿನಿಂದ ಚೋರಾಂವ್‌ಗೆ, ಹಳೆ ಗೋವೆಯಿಂದ ದಿವಾರ್ ದ್ವೀಪಕ್ಕೆ ಮಳೆಯಲ್ಲೂ ಜನರನ್ನು ದಾಟಿಸಬೇಕು. ಶಾಲೆಗೆ ಹೋಗುವ ಮಕ್ಕಳು, ಸ್ಕೂಟರ್ ನೂಕಿಕೊಂಡು ಬರುವ ನೌಕರರು, ಮೀನಿನ ಬುಟ್ಟಿ ಹೊತ್ತ ತಾಯಂದಿರು, ಎಲ್ಲರನ್ನೂ ಆ ದಡಕ್ಕೆ ಸುರಕ್ಷಿತವಾಗಿ ಮುಟ್ಟಿಸಬೇಕು.

ಈ ವರ್ಷ ನಾನು ಬಿರುಗಾಳಿಯ ಕುರಿತು ಮಾತನಾಡುವುದಿಲ್ಲ. ಬೋಟು ದಡ ಮುಟ್ಟುವ ಕೊನೆಯ ಇಪ್ಪತ್ತು ಮೀಟರಿನ ಕುರಿತು ಮಾತನಾಡುತ್ತೇನೆ. ಏಕೆಂದರೆ ಬೋಟು ನಡೆಸುವವನ ಕೈಚಳಕ ತಿಳಿಯುವುದು ಅಲ್ಲಿ. ಅವನ ಮನಸ್ಸು ಬಯಲಾಗುವುದೂ ಅಲ್ಲಿಯೇ.

ಬೋಟಿಗೆ ಬ್ರೇಕ್ ಇಲ್ಲ. ಎಂಜಿನ್ನನ್ನು ನ್ಯೂಟ್ರಲ್‌ಗೆ ಹಾಕಿದರೂ ಅದು ಮುಂದಕ್ಕೆ ಜಾರುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ರಿವರ್ಸ್ ಹಾಕಬೇಕು. ರಿವರ್ಸ್ ಹಾಕಿದಾಗ ಫ್ಯಾನು ತಿರುಗುವ ದಿಕ್ಕಿನಂತೆ ಬೋಟಿನ ಹಿಂಬದಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಕಾರು ಮುಂದಿನ ಚಕ್ರದಿಂದ ತಿರುಗಿದರೆ ಬೋಟು ಹಿಂದಿನಿಂದ ತಿರುಗುತ್ತದೆ. ಮೂತಿಯನ್ನು ಬಲಕ್ಕೆ ತಿರುಗಿಸಿದಿರೋ, ಹಿಂಬದಿ ಎಡಕ್ಕೆ ಬೀಸುತ್ತದೆ. ವೇಗ ಕಡಿಮೆಯಾದಷ್ಟೂ ಚುಕ್ಕಾಣಿಯ ಹಿಡಿತ ಸಡಿಲವಾಗುತ್ತದೆ. ಸರಿಯಾಗಿ ಆ ಹೊತ್ತಿಗೇ ಗಾಳಿಯ ಕೈ ಮೇಲಾಗುತ್ತದೆ. ಕೆಳಗಿನ ನೀರೂ ಸುಮ್ಮನಿರುವುದಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಮಳೆಗಾಲದಲ್ಲಿ ಘಟ್ಟದಿಂದ ಇಳಿದ ಕೆಂಪು ನೀರೂ ಅದಕ್ಕೆ ಸೇರಿಕೊಳ್ಳುತ್ತದೆ. ನೆಲದ ಮೇಲೆ ಗಾಡಿ ನಿಲ್ಲಿಸುವವನಿಗೆ ನೆಲ ಅಲುಗಾಡುವುದಿಲ್ಲ. ಬೋಟು ನಿಲ್ಲಿಸುವವನಿಗೆ ಕಾಲಡಿಯದೆಲ್ಲವೂ ಅಲುಗಾಡುತ್ತಿರುತ್ತದೆ.

ಆದುದರಿಂದ ಪಳಗಿದ ತಾಂಡೇಲನ ಕೆಲಸ ಜೆಟ್ಟಿ ಕಾಣುವ ಮೊದಲೇ ಶುರುವಾಗುತ್ತದೆ. ಗಾಳಿ ಎತ್ತಲಿಂದ, ನೀರು ಎತ್ತ ಹರಿಯುತ್ತಿದೆ ಎಂದು ನೋಡುತ್ತಾನೆ. ಸಾಧ್ಯವಾದರೆ ಹರಿವಿಗೆ ಎದುರಾಗಿಯೇ ಬರುತ್ತಾನೆ. ಆಗ ಹರಿವೇ ಅವನಿಗೆ ಬ್ರೇಕ್ ಆಗುತ್ತದೆ. ಪಕ್ಕಕ್ಕೆ ಟೈರುಗಳನ್ನು ಇಳಿಬಿಡಿಸುತ್ತಾನೆ, ಹಗ್ಗವನ್ನು ಬಿಡಿಸಿ ಸಿದ್ಧವಾಗಿಡಲು ಖಲಾಸಿಗೆ ಹೇಳುತ್ತಾನೆ. ಗುದ್ದಿದರೂ ಕೆಡುಕಾಗದಷ್ಟು ನಿಧಾನಕ್ಕೆ ಇಳಿಯದೆ ಜೆಟ್ಟಿಯ ಹತ್ತಿರ ಸುಳಿಯುವುದಿಲ್ಲ. ವೇಗ ಎರಡುಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕುಪಟ್ಟಾಗುತ್ತದೆ. ಹತ್ತು ಟನ್ ಭಾರದ ಬೋಟಿಗೂ ಕಾಂಕ್ರೀಟಿನ ಗೋಡೆಗೂ ನಡುವೆ ಒಬ್ಬ ಹುಡುಗನ ಕಾಲು ಸಿಕ್ಕಿಬಿದ್ದರೆ ಆ ಮನೆಯ ಅನ್ನವೇ ಹೋದಂತೆ.

ಇದು ದೊಡ್ಡ ವಿದ್ಯೆ. ಪುಸ್ತಕ ಓದಿ ಬರುವಂಥದ್ದಲ್ಲ. ವರ್ಷಗಟ್ಟಲೆ ಹಗ್ಗ ಎಳೆದು, ಬೈಗುಳ ತಿಂದು, ನೋಡಿ ನೋಡಿ ಕಲಿತದ್ದು. ಜ್ಞಾನಗ್ರಂಥದ 14ನೆಯ ಅಧ್ಯಾಯ ದೋಣಿಯ ವಿಚಾರ ಹೇಳುತ್ತದೆ. ಮನುಷ್ಯನ ಜಾಣ್ಮೆ ಅದನ್ನು ಕಟ್ಟಿತು; ಆದರೆ ಅದನ್ನು ನಡೆಸುವುದು ತಂದೆಯಾದ ದೇವರ ಪಾಲನೆ ಎನ್ನುತ್ತದೆ ಆ ಗ್ರಂಥ. ಜನರು ಚಿಕ್ಕದೊಂದು ಮರದ ತುಂಡನ್ನು ನಂಬಿ ತಮ್ಮ ಜೀವವನ್ನೇ ಅದಕ್ಕೆ ಒಪ್ಪಿಸುತ್ತಾರೆ ಎಂಬುದನ್ನೂ ನೆನಪಿಸುತ್ತದೆ. ಕೈಯ ಜಾಣ್ಮೆಯೂ ದೇವರ ದಾನ. ಆ ದಾನವನ್ನು ಕಂಡು ಸಂತೋಷಪಡುವುದು ಪಾಪವಲ್ಲ. ಅಲುಗಾಡುವ ನೀರಿನ ಮೇಲೆ ಭಾರದ ಬೋಟೊಂದು ಜೆಟ್ಟಿಗೆ ಹೂವಿನಂತೆ ತಾಗಿ ನಿಂತಾಗ, ಅದನ್ನು ನಿಲ್ಲಿಸಿದವನ ಮುಖದಲ್ಲಿ ಮೂಡುವ ನಗು ಒಳ್ಳೆಯ ನಗುವೇ. ತಾನು ಮಾಡಿದ್ದನ್ನು ನೋಡಿ, ಅದು ಚೆನ್ನಾಗಿದೆಯೆಂದು ಕಂಡ ಸೃಷ್ಟಿಕರ್ತನ ಮಕ್ಕಳಲ್ಲವೇ ನಾವು?

ಆದರೆ ಪ್ರಿಯರೇ, ಹೊಳೆಯ ಗಾಳಿಯಲ್ಲದೆ ಇನ್ನೊಂದು ಗಾಳಿಯಿದೆ. ಅದು ಬೀಸುವುದು ಜೆಟ್ಟಿಯ ಮೇಲಿಂದ. ಜನರ ಕಣ್ಣುಗಳೇ ಆ ಗಾಳಿ.

ಖಾಲಿ ಜೆಟ್ಟಿಗೆ ಬೋಟು ಕಟ್ಟುವಾಗ ಕೈ ಒಂದು ರೀತಿ ಕೆಲಸ ಮಾಡುತ್ತದೆ. ಸಂಜೆ ಹೊತ್ತು, ಪಣಜಿಯ ಜೆಟ್ಟಿಯಲ್ಲಿ ಪ್ರವಾಸಿಗರು ಮೊಬೈಲ್ ಹಿಡಿದು ನಿಂತಿದ್ದಾರೆ. ಪಕ್ಕದ ಬೋಟಿನವರು ಬೀಡಿ ಸೇದುತ್ತಾ ನೋಡುತ್ತಿದ್ದಾರೆ. ಮಾಲೀಕನೂ ಬಂದು ನಿಂತಿದ್ದಾನೆ. ಆಗ ಅದೇ ಕೈ ಬೇರೆ ರೀತಿ ಕೆಲಸ ಮಾಡುತ್ತದೆ. ಸ್ವಲ್ಪ ವೇಗದಲ್ಲಿ ಬಂದು, ಕೊನೆಯ ಗಳಿಗೆಯಲ್ಲಿ ರಿವರ್ಸ್ ಹಾಕಿ, ನೀರು ಚಿಮ್ಮಿಸಿ, ಒಂದೇ ಏಟಿಗೆ ತಂದು ನಿಲ್ಲಿಸಬೇಕು ಎನಿಸುತ್ತದೆ. ಹತ್ತು ಸಲ ಅದು ಸರಿಯಾಗುತ್ತದೆ. ಹನ್ನೊಂದನೆಯ ಸಲ ಗೇರು ಹಿಡಿಯುವುದಿಲ್ಲ. ಆಗ ಬೆಲೆ ತೆರುವವನು ಚಪ್ಪಾಳೆ ತಟ್ಟಿದವನಲ್ಲ, ಮೂತಿಯಲ್ಲಿ ಹಗ್ಗ ಹಿಡಿದು ನಿಂತ ಹುಡುಗ.

ಜನರು ನೋಡಲೆಂದು ಧರ್ಮಕಾರ್ಯ ಮಾಡಬೇಡಿ ಎಂದು ಯೇಸುಸ್ವಾಮಿ ಎಚ್ಚರಿಸಿದ್ದು ನಮಗೆ ಗೊತ್ತು. ಆದರೆ ನಮ್ಮ ಬೆಳಕು ಜನರ ಮುಂದೆ ಹೊಳೆಯಲಿ ಎಂದು ಹೇಳಿದವರೂ ಅವರೇ. ಹಾಗಾದರೆ ಗೆರೆ ಎಲ್ಲಿದೆ? 13ನೆಯ ಶತಮಾನದ ಧರ್ಮಪಂಡಿತ ಸಂತ ತೋಮಾಸ್ ಅಕ್ವಿನಾಸರು ಈ ಪ್ರಶ್ನೆಯನ್ನು ಬಿಡಿಸಿ ನೋಡಿದರು. ಒಳ್ಳೆಯ ಹೆಸರು ಬಯಸುವುದೆಲ್ಲ ಪಾಪವಲ್ಲ, ಪೊಳ್ಳು ಹೆಸರು ಬಯಸುವುದು ಪಾಪ ಎಂಬುದು ಅವರ ನಿಲುವು. ಹೆಸರು ಪೊಳ್ಳಾಗಲು ಅವರು ಮೂರು ಕಾರಣ ಕೊಡುತ್ತಾರೆ. ಹೊಗಳಿಕೆಗೆ ಯೋಗ್ಯವಲ್ಲದ ವಿಷಯಕ್ಕಾಗಿ ಹೊಗಳಿಕೆ ಬಯಸಿದರೆ ಅದು ಪೊಳ್ಳು. ಸರಿಯಾಗಿ ತೂಗಿ ನೋಡಲು ಬಾರದವರ ಹೊಗಳಿಕೆಗೆ ಬಾಯಿಬಿಟ್ಟರೆ ಅದೂ ಪೊಳ್ಳು. ಆ ಹೆಸರನ್ನು ದೇವರ ಮಹಿಮೆಗಾಗಲಿ ನೆರೆಯವರ ಒಳಿತಿಗಾಗಲಿ ತಿರುಗಿಸದೆ ನನ್ನಲ್ಲೇ ಇಟ್ಟುಕೊಂಡರೆ ಅದೂ ಪೊಳ್ಳು.

ಈ ಮೂರನ್ನೂ ಜೆಟ್ಟಿಗೆ ತಂದು ನೋಡಿ. ನೀರು ಚಿಮ್ಮಿಸಿ ಬಂದದ್ದು ಹೊಗಳಿಕೆಗೆ ಯೋಗ್ಯವೇ? ಒಬ್ಬರ ಕೈಕಾಲಿಗೂ ನೋವಾಗದೆ ಇಳಿದದ್ದು ಯೋಗ್ಯ. ಮೊಬೈಲ್ ಹಿಡಿದು ನಿಂತ ಪ್ರವಾಸಿಗನಿಗೆ ಬೋಟಿನ ವಿದ್ಯೆ ಗೊತ್ತೇ? ಗೊತ್ತಿರುವುದು ಮೂಲೆಯಲ್ಲಿ ಬಲೆ ಹೊಲಿಯುತ್ತ ಕುಳಿತ ಮುದುಕನಿಗೆ. ಅವನು ಚಪ್ಪಾಳೆ ತಟ್ಟುವುದಿಲ್ಲ. ಕೊನೆಗೆ, ಈ ವಿದ್ಯೆ ಯಾರಿಗಾಗಿ? ಬೋಟಿನಲ್ಲಿರುವವರಿಗಾಗಿ. ನೋಡುವವರು ದಡದಲ್ಲಿದ್ದಾರೆ, ಆದರೆ ನಂಬಿದವರು ಬೆನ್ನ ಹಿಂದೆ ಕುಳಿತಿದ್ದಾರೆ. ಗರ್ವ ನಮ್ಮ ಮುಖವನ್ನು ನೋಡುವವರ ಕಡೆಗೆ ತಿರುಗಿಸುತ್ತದೆ. ಪ್ರೀತಿ ನಂಬಿದವರನ್ನು ನೆನಪಿಸುತ್ತದೆ.

ಪೊಳ್ಳು ಕೀರ್ತಿಗೆ ಹುಟ್ಟುವ ಮಕ್ಕಳ ಪಟ್ಟಿಯೊಂದನ್ನು ಸಂತ ಮಹಾ ಗ್ರೆಗೋರಿಯವರು ಕೊಟ್ಟರು. ಸಂತ ತೋಮಾಸರು ಅದನ್ನು ವಿವರಿಸಿದರು. ಬಡಾಯಿ, ಕಪಟ, ಜಗಳ, ಅವಿಧೇಯತೆ ಅದರಲ್ಲಿವೆ. ಅವುಗಳ ನಡುವೆ ಒಂದು ಹೆಸರಿದೆ: ಹಠ. ಇನ್ನೊಬ್ಬರ ಮುಂದೆ ಕಡಿಮೆಯಾಗಬಾರದೆಂದು, ತನ್ನದಕ್ಕಿಂತ ಒಳ್ಳೆಯ ದಾರಿ ಕಂಡರೂ ಹಿಡಿದದ್ದನ್ನು ಬಿಡದಿರುವುದು. ಈ ಒಂದು ಮಗುವಿನ ಮೇಲೆ ಇಂದು ನಿಮ್ಮ ಗಮನವಿರಲಿ.

ಏಕೆಂದರೆ ನಿಜವಾಗಿ ಪಳಗಿದ ತಾಂಡೇಲನನ್ನು ಗುರುತಿಸುವುದು ಇಲ್ಲಿಯೇ. ಅವನು ಬರುತ್ತಾನೆ, ಗಾಳಿ ಮೂತಿಯನ್ನು ತಳ್ಳುತ್ತದೆ, ಕೋನ ತಪ್ಪುತ್ತದೆ. ಇನ್ನೂ ಹತ್ತು ಮೀಟರ್ ಇದೆ. ಎಲ್ಲರೂ ನೋಡುತ್ತಿದ್ದಾರೆ. ಅವನು ಏನು ಮಾಡುತ್ತಾನೆ? ಒಂದು ಮಾತೂ ಆಡದೆ ರಿವರ್ಸ್ ಹಾಕಿ ಹಿಂದೆ ಸರಿಯುತ್ತಾನೆ. ನಡುನೀರಿಗೆ ಹೋಗಿ, ಸುತ್ತು ಹಾಕಿ, ಮತ್ತೆ ಮೊದಲಿನಿಂದ ಬರುತ್ತಾನೆ. ದಡದಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ, ಇವನಿಗೆ ಬೋಟು ಕಟ್ಟಲು ಬರುವುದಿಲ್ಲ ಎನ್ನುತ್ತಾರೆ. ಅವನ ಕಿವಿಗೆ ಅದು ಬಿದ್ದರೂ ಕೈಗೆ ಮುಟ್ಟುವುದಿಲ್ಲ. ಕಲಿಯುತ್ತಿರುವವನು ಮಾತ್ರ, ಹಿಂದೆ ಸರಿದರೆ ಮರ್ಯಾದೆ ಹೋಯಿತು ಎಂದು, ತಪ್ಪಿದ ಕೋನದಲ್ಲೇ ಎಂಜಿನ್ ಏರಿಸಿ ನುಗ್ಗುತ್ತಾನೆ. ಗುದ್ದುವ ಬೋಟುಗಳಲ್ಲಿ ಎಷ್ಟನ್ನು ಗಾಳಿ ಗುದ್ದಿಸಿತು, ಎಷ್ಟನ್ನು ನಾಚಿಕೆ ಗುದ್ದಿಸಿತು ಎಂದು ಜೆಟ್ಟಿಯಲ್ಲಿ ಬಲೆ ಹೊಲಿಯುವವರನ್ನೇ ಕೇಳಿ.

ದೊಡ್ಡ ಹಡಗಿನ ಕಥೆಯೂ ಇದೇ. 2012ರ ಜನವರಿ 13ರ ರಾತ್ರಿ, ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು 4,200ಕ್ಕೂ ಹೆಚ್ಚು ಜನರನ್ನು ಹೊತ್ತು ಸಾಗುತ್ತಿತ್ತು. ಜಿಲಿಯೋ ಎಂಬ ಪುಟ್ಟ ದ್ವೀಪದ ಜನರಿಗೆ ವಂದನೆ ಸಲ್ಲಿಸುವಂತೆ, ದಡಕ್ಕೆ ತೀರ ಹತ್ತಿರವಾಗಿ ಹಾದುಹೋಗಲೆಂದು ಅದನ್ನು ದಾರಿ ಬಿಟ್ಟು ತಿರುಗಿಸಲಾಯಿತು. ಬಂಡೆ ತಗುಲಿ ಹೊಟ್ಟೆ ಸೀಳಿತು. 32 ಜನ ಸತ್ತರು. ಆ ರಾತ್ರಿ ಬಿರುಗಾಳಿಯೇನೂ ಇರಲಿಲ್ಲ. ಇದ್ದದ್ದು ದಡದವರ ಕಣ್ಣಿಗೆ ಚಂದ ಕಾಣುವ ಆಸೆ. ಅದೇ ದ್ವೀಪದ ಜನ ಆ ಚಳಿಯಲ್ಲಿ ಏನು ಮಾಡಿದರು ಎಂಬುದನ್ನೂ ಹೇಳಬೇಕು. ಒದ್ದೆಯಾಗಿ ನಡುಗುತ್ತ ಬಂದವರಿಗೆ ಅವರು ತಮ್ಮ ಮನೆಗಳನ್ನು ತೆರೆದರು, ಚರ್ಚಿನ ಬಾಗಿಲನ್ನೂ ತೆರೆದರು. ಈ ಎರಡನೆಯ ಮಾತಿಗೆ ಮತ್ತೆ ಬರುತ್ತೇನೆ.

ಪ್ರಿಯರೇ, ಹೊಳೆಯನ್ನು ಬಿಟ್ಟು ಈಗ ಮನೆಗೆ ಬರೋಣ. ನಮ್ಮಲ್ಲಿ ಎಷ್ಟೋ ಮಂದಿ ತಪ್ಪಿದ ಕೋನದಲ್ಲೇ ನುಗ್ಗುತ್ತಿಲ್ಲವೇ? ಮಗಳ ಮದುವೆಗೆ ಇಷ್ಟು ಖರ್ಚು ಮಾಡಲಾರೆ ಎಂದು ತಂದೆಗೆ ಗೊತ್ತು. ಆದರೆ ಛತ್ರಕ್ಕೆ ಮಾತು ಕೊಟ್ಟಾಗಿದೆ, ಬೀಗರು ನೋಡುತ್ತಾರೆ, ಊರಿನಿಂದ ನೆಂಟರು ಬರುತ್ತಾರೆ. ಬಡ್ಡಿಗೆ ಸಾಲ ತರುತ್ತಾನೆ. ಕುಡಿತ ಬಿಡಲು ಸಹಾಯ ಬೇಕು ಎಂದು ಮಗನಿಗೆ ಗೊತ್ತು. ಆದರೆ ಸಹಾಯ ಕೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಅಣ್ಣತಮ್ಮಂದಿರ ಜಗಳದಲ್ಲಿ ತಪ್ಪು ತನ್ನದೇ ಎಂದು ಅಣ್ಣನಿಗೆ ಗೊತ್ತು. ಆದರೆ ಐದು ವರ್ಷ ಬಾಗಿಲು ತುಳಿಯದವನು ಈಗ ಹೋದರೆ ಕೇರಿಯವರು ಏನೆಂದಾರು? ಇವರೆಲ್ಲರಿಗೂ ದಾರಿ ಕಾಣುತ್ತಿದೆ. ಗೇರಿನ ಮೇಲೆ ಕೈಯೂ ಇದೆ. ಅದನ್ನು ಹಿಂದಕ್ಕೆ ಎಳೆಯಲು ಬಿಡದಿರುವುದು ದಡದ ಮೇಲಿನ ಕಣ್ಣುಗಳು.

ಪಾಪನಿವೇದನೆಯ ಸಂಸ್ಕಾರಕ್ಕೆ ಬಾರದವರು ಹೇಳುವ ಕಾರಣವೂ ಇದೇ. ದೇವರ ಭಯ ಅವರನ್ನು ತಡೆಯುವುದಿಲ್ಲ. ಸಾಲಿನಲ್ಲಿ ನಿಂತರೆ ಗುರುತಿನವರು ನೋಡುತ್ತಾರೆ ಎಂಬ ಭಯ ತಡೆಯುತ್ತದೆ. ಆದರೆ ಪಶ್ಚಾತ್ತಾಪವೆಂದರೆ ಬೇರೇನು? ತಪ್ಪಿದ ಕೋನವನ್ನು ತಪ್ಪಿದೆ ಎಂದು ಒಪ್ಪಿ, ನೋಡುವವರು ನೋಡಲಿ ಎಂದು ಹಿಂದೆ ಸರಿದು, ಮತ್ತೆ ಸರಿಯಾಗಿ ಬರುವುದು. ಕಳೆದುಹೋಗಿದ್ದ ಮಗ ಮನೆಗೆ ಬಂದದ್ದು ರಾತ್ರಿ ಕತ್ತಲಲ್ಲಿ ಕದ್ದುಮುಚ್ಚಿ ಅಲ್ಲ. ದೂರದಲ್ಲಿರುವಾಗಲೇ ತಂದೆಗೆ ಕಂಡ ಎಂದು ಲೂಕ ಬರೆದಿದ್ದಾನೆ. ತಂದೆಗೆ ಕಂಡವನು ದಾರಿಯಲ್ಲಿದ್ದ ಊರಿನವರಿಗೂ ಕಂಡಿರಬೇಕು. ಹಿಂದೆ ಸರಿದು ಸುತ್ತು ಹಾಕಿ ಬರುವುದು ಸೋಲಲ್ಲ. ಜೀವ ಉಳಿಸುವ ವಿದ್ಯೆ ಅದು.

ಇನ್ನು ಶುಭಸಂದೇಶಕ್ಕೆ ಬರೋಣ. ಸ್ವಾಮಿ ನೀರಿನ ಮೇಲೆ ನಡೆದು ಬಂದದ್ದು ನಮಗೆಲ್ಲ ನೆನಪಿದೆ. ಅದರ ನಂತರ ಮಾರ್ಕ ಬರೆದ ಒಂದು ಸಣ್ಣ ಮಾತನ್ನು ನಾವು ದಾಟಿಹೋಗುತ್ತೇವೆ. ಅವರು ಗೆನೆಸರೇತ್ ದಡ ಮುಟ್ಟಿ ದೋಣಿಯನ್ನು ಕಟ್ಟಿದರು ಎಂದು 53ನೆಯ ವಾಕ್ಯ ಹೇಳುತ್ತದೆ. ದೋಣಿ ಕಟ್ಟುವುದಕ್ಕೆ ಮಾರ್ಕ ಬಳಸಿದ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಅಲ್ಲಿ ಒಂದೇ ಕಡೆ. ಆ ದೋಣಿ ಕಟ್ಟಿದವರ ಸ್ಥಿತಿಯನ್ನು ನೆನೆಯಿರಿ. ರಾತ್ರಿಯಿಡೀ ಎದುರುಗಾಳಿಗೆ ಹುಟ್ಟು ಹಾಕಿ ತೋಳು ಸತ್ತುಹೋಗಿದೆ. ಸ್ವಾಮಿಯನ್ನೇ ಭೂತವೆಂದು ತಿಳಿದು ಕಿರುಚಿಕೊಂಡಿದ್ದಾರೆ. ಮತ್ತಾಯ ಹೇಳುವಂತೆ ಪೇತ್ರನು ಉಳಿದ ಸಂಗಡಿಗರೆಲ್ಲರ ಮುಂದೆ ನೀರಿಗಿಳಿದು, ಮುಳುಗಿ, ಕಾಪಾಡಿ ಎಂದು ಕೂಗಿಕೊಂಡಿದ್ದಾನೆ. ಇಷ್ಟೆಲ್ಲ ಆಗಿ ಅವರು ಮುಟ್ಟಿದ್ದಾದರೂ ಎಲ್ಲಿಗೆ? ಸ್ವಾಮಿ ಅವರನ್ನು ಕಳುಹಿಸಿದ್ದು ಬೆತ್ಸಾಯಿದದ ಕಡೆಗೆ. ಅವರು ದೋಣಿ ಕಟ್ಟಿದ್ದು ಗೆನೆಸರೇತಿನಲ್ಲಿ. ಹುಟ್ಟಿದಂದಿನಿಂದ ಆ ಸರೋವರವನ್ನು ಬಲ್ಲ ಬೆಸ್ತರು ಬೇರೆಯೇ ದಡಕ್ಕೆ ಬಂದು ನಿಂತರು!

ನೋಡುವ ಜನ ಅಲ್ಲಿಯೂ ಇದ್ದರು. ಅವರು ಏನು ನೋಡಿದರು? ದೋಣಿಯಿಂದ ಇಳಿದ ತಕ್ಷಣ ಜನರು ಯೇಸುವನ್ನು ಗುರುತಿಸಿದರು ಎನ್ನುತ್ತಾನೆ ಮಾರ್ಕ. ಹುಟ್ಟು ಹಾಕಿದವರು ಯಾರು, ಹಗ್ಗ ಕಟ್ಟಿದವರು ಯಾರು, ಚೆನ್ನಾಗಿ ಕಟ್ಟಿದರೋ ಕೆಟ್ಟದಾಗಿ ಕಟ್ಟಿದರೋ, ಯಾರೂ ಕೇಳಲಿಲ್ಲ. ಊರೂರಿಗೆ ಓಡಿದರು, ಹಾಸಿಗೆ ಸಮೇತ ರೋಗಿಗಳನ್ನು ಹೊತ್ತು ತಂದರು. ಅವರ ಬಟ್ಟೆಯ ಅಂಚನ್ನು ಮುಟ್ಟಿದವರೆಲ್ಲ ಗುಣವಾದರು. ನಮ್ಮ ದೋಣಿ ಚಂದವಾಗಿ ಕಟ್ಟಿತೇ ಎಂಬುದು ಆ ದಡಕ್ಕೆ ಮುಖ್ಯವಾಗಲಿಲ್ಲ. ದೋಣಿಯಿಂದ ಯಾರು ಇಳಿದರು ಎಂಬುದು ಮುಖ್ಯವಾಯಿತು. ಕ್ರೈಸ್ತನ ಕೈಚಳಕಕ್ಕೆ ಇದಕ್ಕಿಂತ ದೊಡ್ಡ ಬಹುಮಾನವಿಲ್ಲ: ನಾನು ತಂದು ಮುಟ್ಟಿಸಿದ ದೋಣಿಯಿಂದ ಪ್ರಭು ಇಳಿಯಬೇಕು, ಜನ ಅವರನ್ನು ಗುರುತಿಸಬೇಕು, ನನ್ನನ್ನು ಮರೆಯಬೇಕು.

ಈ ಮಾತು ನಮ್ಮ ಕನ್ನಡ ಸಮುದಾಯಕ್ಕೆ ಬಹಳ ಹತ್ತಿರದ್ದು. ನಮ್ಮ ಧರ್ಮಪ್ರಾಂತ್ಯದಲ್ಲಿ ಕೊಂಕಣಿಯವರು ಹೆಚ್ಚು, ಇಂಗ್ಲಿಷಿನಲ್ಲಿ ಪ್ರಾರ್ಥಿಸುವವರೂ ಇದ್ದಾರೆ, ನಾವು ಬೆರಳೆಣಿಕೆಯವರು. ಧರ್ಮಕೇಂದ್ರದ ಹಬ್ಬಕ್ಕೆ ಎಲ್ಲ ಭಾಷೆಯವರೂ ಕೂಡಿದಾಗ ಒಂದು ವಾಚನವೋ, ಒಂದು ಗೀತೆಯೋ, ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹವೋ ನಮ್ಮ ಪಾಲಿಗೆ ಬರುತ್ತದೆ. ಆಗ ಇಡೀ ದೇವಾಲಯವೇ ಜೆಟ್ಟಿಯಾಗಿ ನಮ್ಮನ್ನು ನೋಡುತ್ತಿರುವಂತೆ ತೋರುತ್ತದೆ. ಇಲ್ಲಿ ಎರಡು ತಪ್ಪು ದಾರಿಗಳಿವೆ. ನಮ್ಮ ಗಾನವೃಂದ ಉಳಿದವರನ್ನು ಮೀರಿಸಬೇಕು, ನಮ್ಮ ಗೀತೆಗೆ ಹೆಚ್ಚು ವಾದ್ಯ ಇರಬೇಕು ಎಂದು ನೀರು ಚಿಮ್ಮಿಸಿಕೊಂಡು ಬರುವುದು ಒಂದು. ನಮ್ಮ ಉಚ್ಚಾರ ಕೇಳಿ ನಗುತ್ತಾರೆ, ನಾವು ಹಿಂದಿನ ಬೆಂಚಿನಲ್ಲೇ ಇರೋಣ ಎಂದು ದಡಕ್ಕೇ ಬಾರದಿರುವುದು ಇನ್ನೊಂದು. ಎರಡನೆಯದನ್ನು ನಾವು ದೀನತೆ ಎಂದು ಕರೆಯುತ್ತೇವೆ. ಅದು ದೀನತೆಯಲ್ಲ. ಮೊದಲನೆಯವನು ಜನರ ಕಣ್ಣನ್ನು ಬಯಸುತ್ತಾನೆ, ಎರಡನೆಯವನು ಅದಕ್ಕೆ ಹೆದರುತ್ತಾನೆ. ಇಬ್ಬರಿಗೂ ಯಜಮಾನ ಒಬ್ಬನೇ: ಜನರ ಕಣ್ಣು.

ನಮ್ಮ ಮಕ್ಕಳನ್ನು ನೋಡಿ. ಮನೆಯಲ್ಲಿ ಅಜ್ಜಿಯ ಜೊತೆ ಚೆನ್ನಾಗಿ ಕನ್ನಡ ಮಾತನಾಡುವ ಹುಡುಗಿ ಶಾಲೆಯ ಗೇಟಿನ ಬಳಿ ಅಮ್ಮನ ಕಿವಿಯಲ್ಲಿ, ಇಲ್ಲಿ ಕನ್ನಡ ಬೇಡಮ್ಮ ಎನ್ನುತ್ತಾಳೆ. ಅವಳನ್ನು ಬೈಯಬೇಡಿ. ಅವಳಿಗೆ ಆ ಹೆದರಿಕೆಯನ್ನು ಕಲಿಸಿದವರು ನಾವೇ ಇರಬಹುದು. ದೇವರು ಕೊಟ್ಟ ನಾಲಿಗೆಯಿಂದ ದೇವರನ್ನು ಸ್ತುತಿಸಲು ಯಾರ ಅಪ್ಪಣೆಯೂ ಬೇಕಿಲ್ಲ, ಯಾರ ಚಪ್ಪಾಳೆಯೂ ಬೇಕಿಲ್ಲ ಎಂಬುದನ್ನು ಈಗ ಕಲಿಸಬೇಕಾದವರೂ ನಾವೇ. ನಮ್ಮ ವಾಚನ ನಿಧಾನವಾಗಿ, ಸ್ಪಷ್ಟವಾಗಿ, ಸಿದ್ಧತೆಯಿಂದ ಇರಲಿ. ಟೈರು ಇಳಿಬಿಟ್ಟು ಹಗ್ಗ ಬಿಡಿಸಿಟ್ಟುಕೊಳ್ಳುವಂತೆ ಶನಿವಾರವೇ ಎರಡು ಸಲ ಓದಿಕೊಂಡು ಬನ್ನಿ. ಭಾನುವಾರ ದೇವರ ವಾಕ್ಯ ಇಳಿದು ಜನರನ್ನು ಮುಟ್ಟಲಿ. ಓದಿದವರು ಯಾರೆಂದು ಮರೆತುಹೋಗಲಿ.

ಇನ್ನೊಂದು ಸಂಗತಿ ಇದೆ. ಎಷ್ಟೇ ಪಳಗಿದವನಾದರೂ ಭಾರದ ಬೋಟನ್ನು ಒಬ್ಬನೇ ಕಟ್ಟುವುದು ಕಷ್ಟ. ಬೋಟಿನಿಂದ ಹಗ್ಗ ಎಸೆಯಬೇಕು. ದಡದಲ್ಲಿ ಒಬ್ಬರು ಹಿಡಿದು ಗೂಟಕ್ಕೆ ಸುತ್ತಬೇಕು. ಹಗ್ಗ ಎಸೆಯುವುದೆಂದರೆ ನನ್ನೊಬ್ಬನಿಂದ ಆಗುವುದಿಲ್ಲ ಎಂದು ಎಲ್ಲರ ಮುಂದೆ ಒಪ್ಪಿದ ಹಾಗೆ. ಲೂಕನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಸಿಮೋನನ ಬಲೆ ಮೀನಿನಿಂದ ಹರಿಯುವಂತಾದಾಗ, ಅವನು ಇನ್ನೊಂದು ದೋಣಿಯ ಸಂಗಡಿಗರಿಗೆ ಸನ್ನೆ ಮಾಡಿ ಕರೆದ. ದೇವರ ಕೃಪೆ ತುಂಬಿ ಬಂದಾಗಲೂ ನೆರವು ಬೇಕಾಗುತ್ತದೆ! ದಡದಲ್ಲಿ ಹಗ್ಗ ಹಿಡಿಯುವವನು ಕೊಂಕಣಿಯವನಿರಬಹುದು, ಮಲಯಾಳಿ ಇರಬಹುದು, ಒಡಿಶಾದಿಂದ ಟ್ರಾಲರ್ ಕೆಲಸಕ್ಕೆ ಬಂದ ಹುಡುಗನಿರಬಹುದು. ಹಗ್ಗಕ್ಕೆ ಭಾಷೆಯಿಲ್ಲ. ಹಿಡಿದ ಕೈ ಗಟ್ಟಿಯಾಗಿದ್ದರೆ ಸಾಕು.

ಇಲ್ಲಿಯವರೆಗೆ ಬೋಟಿನಲ್ಲಿರುವವರಿಗೆ ಹೇಳಿದೆ. ಈಗ ದಡದಲ್ಲಿ ನಿಂತವರಿಗೆ ಒಂದು ಮಾತು. ನಾವೆಲ್ಲರೂ ಒಂದು ದಿನ ಬೋಟಿನಲ್ಲಿದ್ದರೆ ಹತ್ತು ದಿನ ದಡದಲ್ಲಿರುತ್ತೇವೆ. ಇನ್ನೊಬ್ಬರ ಮನೆಯ ಜಗಳ, ಇನ್ನೊಬ್ಬರ ಮಗಳ ಪರೀಕ್ಷೆ, ಇನ್ನೊಬ್ಬರ ಮಗನ ಕುಡಿತ, ಇನ್ನೊಬ್ಬರ ಸಾಲ ಇವೆಲ್ಲ ನಮ್ಮ ಕಣ್ಣ ಮುಂದೆ ದಡಕ್ಕೆ ಬರಲು ಒದ್ದಾಡುತ್ತಿರುತ್ತವೆ. ನಾವು ಕೈಕಟ್ಟಿ ನೋಡುತ್ತೇವೆ. ಕೆಲವೊಮ್ಮೆ ನಗುತ್ತೇವೆ. ಕಳೆದುಹೋಗಿದ್ದ ಮಗನ ಸಾಮತಿಯಲ್ಲಿ ಹಿರಿಯ ಮಗ ಹೊರಗೇ ನಿಂತುಬಿಟ್ಟ. ತಮ್ಮ ಬಂದದ್ದು ಅವನಿಗೆ ತಿಳಿಯಿತು, ಆದರೆ ಅವನ ಕೈ ಚಾಚಲಿಲ್ಲ. ನಮ್ಮ ನಗುವಿಗೆ ಹೆದರಿ ಎಷ್ಟು ಜನ ಹಿಂದೆ ಸರಿಯದೆ ತಪ್ಪಿದ ಕೋನದಲ್ಲೇ ನುಗ್ಗಿ ಹೋಳಾದರೋ, ಆ ಲೆಕ್ಕದಲ್ಲಿ ನಮ್ಮ ಪಾಲೂ ಇದೆ.

ಜಿಲಿಯೋ ದ್ವೀಪದ ಜನರ ಮಾತಿಗೆ ಮತ್ತೆ ಬರುತ್ತೇನೆ ಎಂದಿದ್ದೆ. ಯಾರಿಗೆ ಕಾಣಲೆಂದು ಆ ಹಡಗು ದಡಕ್ಕೆ ಹತ್ತಿರ ಬಂತೋ, ಅವರೇ ಬಾಗಿಲು ತೆರೆದು ಕಂಬಳಿ ಹೊದಿಸಿದರು. ನೋಡುವವರು ನೆರವಿಗೆ ಬರುವವರಾಗಬಹುದು. ಧರ್ಮಸಭೆಯೆಂದರೆ ಇದೇ. ಕೈಕಟ್ಟಿ ನಿಂತ ಜೆಟ್ಟಿ ಧರ್ಮಕೇಂದ್ರವಲ್ಲ. ಹಗ್ಗಕ್ಕೆ ಕೈ ಚಾಚಿ ನಿಂತ ಜೆಟ್ಟಿ ಧರ್ಮಕೇಂದ್ರ.

ಈ ವಾರ ನಾವು ಮಾಡಬಹುದಾದ ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ತಪ್ಪಿದ ಕೋನದಲ್ಲಿ ನುಗ್ಗುತ್ತಿರುವ ಒಂದು ವಿಷಯವನ್ನು ನಿಮ್ಮ ಬದುಕಿನಲ್ಲಿ ಗುರುತಿಸಿ, ಅದರಿಂದ ಹಿಂದೆ ಸರಿಯಿರಿ. ಪಾಪನಿವೇದನೆಗೆ ಬರಬೇಕಾದವರು ಜನರ ನೋಟಕ್ಕೆ ಅಂಜದೆ ಬನ್ನಿ. ಎರಡನೆಯದು, ಒಂದು ಹಗ್ಗ ಎಸೆಯಿರಿ. ಯಾರ ಬಳಿ ಸಹಾಯ ಕೇಳಲು ಇಷ್ಟು ದಿನ ನಾಚಿಕೊಂಡಿರೋ ಅವರನ್ನು ಕೇಳಿ. ಮೂರನೆಯದು, ಒಂದು ಹಗ್ಗ ಹಿಡಿಯಿರಿ. ನೀವು ನೋಡಿ ನಕ್ಕ ಮನೆಗೆ ಒಮ್ಮೆ ಹೋಗಿ ಬನ್ನಿ. ಬೋಟಿನಲ್ಲಿ ದುಡಿಯುವ ಅಣ್ಣತಮ್ಮಂದಿರಿಗೆ ಒಂದು ಬೇಡಿಕೆಯೂ ಇದೆ: ನಿಮ್ಮ ಬೋಟಿನಲ್ಲಿ ಮೂತಿಯ ಕಡೆ ನಿಲ್ಲುವ ಹುಡುಗನಿಗೆ, ಕಾಲು ಒಡ್ಡಿ ಬೋಟು ತಡೆಯಬೇಡ ಎಂದು ಇಂದೇ ಹೇಳಿ. ಅವನ ಕಾಲಿಗಿಂತ ಟೈರು ಅಗ್ಗ, ನಿಮ್ಮ ಮರ್ಯಾದೆಯೂ ಅಗ್ಗ.

ನಾವೆಲ್ಲರೂ ಕೊನೆಗೆ ಮುಟ್ಟಬೇಕಾದ ದಡ ಒಂದಿದೆ. ಅಲ್ಲಿ ನಿಂತು ನೋಡುವವರು ಯಾರು? ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯ ಅದನ್ನು ತೋರಿಸುತ್ತದೆ. ರಾತ್ರಿಯೆಲ್ಲ ಏನೂ ಸಿಗದ ಶಿಷ್ಯರು ಬೆಳಗಿನ ಜಾವ ಬಲೆ ಎಳೆದುಕೊಂಡು ಸುಮಾರು ಇನ್ನೂರು ಮೊಳ ದೂರದಿಂದ ದಡಕ್ಕೆ ಬರುತ್ತಿದ್ದರು. ಪೇತ್ರನು ತಾಳಲಾರದೆ ನೀರಿಗೇ ಧುಮುಕಿದ್ದ. ಚಂದದ ಬರುವಿಕೆಯೇನೂ ಅಲ್ಲ ಅದು. ದಡದಲ್ಲಿ ನಿಂತು ನೋಡುತ್ತಿದ್ದವರು ಪುನರುತ್ಥಾನರಾದ ಪ್ರಭು. ಅವರು ಯಾರ ದೋಣಿ ಹೇಗೆ ಬಂತು ಎಂದು ಅಳೆಯಲಿಲ್ಲ. ಕೆಂಡ ಹಾಕಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು, ಬನ್ನಿ ಊಟ ಮಾಡಿ ಎಂದು ಕರೆದರು. ಆ ಒಬ್ಬರ ಕಣ್ಣು ನಮ್ಮ ಮೇಲಿದ್ದರೆ ಸಾಕು. ಆ ಕಣ್ಣಿನ ಮುಂದೆ ಹಿಂದೆ ಸರಿಯಲು ನಾಚಿಕೆಯಿಲ್ಲ, ಮತ್ತೆ ಬರಲು ಹೆದರಿಕೆಯಿಲ್ಲ.

ಪ್ರಾರ್ಥಿಸೋಣ. ಸಮುದ್ರದ ಒಡೆಯರಾದ ಪ್ರಭುವೇ, ನೀರಿನ ಮೇಲೆ ದುಡಿಯುವ ನಮ್ಮ ಅಣ್ಣತಮ್ಮಂದಿರನ್ನು ಕಾಪಾಡಿರಿ. ಅವರ ಕೈಗೆ ಜಾಣ್ಮೆಯನ್ನೂ ಮನಸ್ಸಿಗೆ ತಾಳ್ಮೆಯನ್ನೂ ಕೊಡಿರಿ. ತಪ್ಪಿದಾಗ ಹಿಂದೆ ಸರಿಯುವ ಧೈರ್ಯವನ್ನೂ, ಸೋತವರ ಹಗ್ಗ ಹಿಡಿಯುವ ಪ್ರೀತಿಯನ್ನೂ ನಮಗೆಲ್ಲರಿಗೂ ದಯಪಾಲಿಸಿರಿ. ಕಡಲಿನಲ್ಲಿ ಪ್ರಾಣ ಬಿಟ್ಟವರಿಗೆ ನಿಮ್ಮ ದಡದಲ್ಲಿ ವಿಶ್ರಾಂತಿ ನೀಡಿರಿ. ಸಮುದ್ರ ತಾರೆಯಾದ ಮಾತೆ ಮರಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.